ಡಬ್ಬ್ಯಾಗಿನ ಬಿಳಿ ಗುಂಡಿಗಿ

ಸಿಟ್ಟು ಇಳದ ಮ್ಯಾಲ ಬರೀಬೇಕು ಅಂತಾರ ತಿಳದವರು. ನಾ ಹಂಗ ಕಾಯಕೋತ ಕುಂತಿದ್ರ ಈ ಜನ್ಮದಾಗ ಬರೀತಿದ್ದಿಲ್ಲ. ಇಷ್ಟು ವರ್ಷ ಆಯ್ತು, ತಲಿ ಬೆಳ್ಳಗಾಯ್ತು, ಆದ್ರೂ ಆ ಬಸವ ಜಯಂತಿ ನೆನಪಾದ್ರ ಇವತ್ತಿಗೂ ಮೈ ಉರೀತದ. ಉರಿ ಇದ್ದಂಗೇ ಬರದುಬಿಡ್ತೀನಿ. ಓದೋರು ಜರಾ ದೂರ ಸರದು ಕುಂದರ್ರಿ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿತ್ತು. ನಾ ಕಲಬುರಗಿಯ ಒಂದು ಖಾಸಗಿ ಕಾಲೇಜಿನಾಗ ಜೀವಶಾಸ್ತ್ರ ಕಲಿಸ್ತಿದ್ದೆ. ಕಲಿಸೋದು ಹೊಟ್ಟಿಪಾಡಿಗಿ. ನನ್ನ ಜೀವ ಇದ್ದದ್ದು ಕಾಲೇಜಿನ ಹಿತ್ತಲದ ಖೋಲ್ಯಾಗ. ಮೊದಲು ಅದು ಮುರದ ಬೆಂಚು ಒಟ್ಟೋ ಖೋಲಿ. ಅದನ್ನ ನಾನೇ ಕಸಬರಿಗಿ ಹಿಡದು ಬಳದು, ಸುಣ್ಣಾ ಹಚ್ಚಿಸಿ, ಪ್ರಯೋಗಶಾಲಿ ಅಂತ ಮಾಡಿಕೊಂಡಿದ್ದೆ. ಅಲ್ಲಿ ಮಾಡತಿದ್ದ ಕೆಲಸ ಒಂದೇ ಮಾತಿನ್ಯಾಗ ಹೇಳಬೇಕಂದ್ರ, ಗುಂಡಿಗಿ ಮಾಂಸ ಬೆಳಸೋದು. ಬರೇ ಮಾಂಸ ಅಲ್ಲ, ಅದರೊಳಗ ರಕ್ತ ಹರಿಯೋ ನಾಳನೂ ಕೂಡಿಸಿ ಬೆಳಸೋದು.

ಹೆಣ್ಮಗಳಿಗಿ ಇದೆಲ್ಲಿಂದ ಹುಚ್ಚು ಹತ್ತಿತು ಅಂತ ಭಾಳ ಮಂದಿ ಕೇಳ್ಯಾರ. ನಮ್ಮವ್ವನಿಂದ ಹತ್ತಿತು. ಎಂಬತ್ತರ ದಶಕದಾಗ, ನಾ ಇನ್ನಾ ಸಾಲಿಗಿ ಹೋಗೂವಾಗ, ಕಮಲಾಪುರದ ನಮ್ಮ ಕೆಂಪು ಬಾಳಿ ತ್ವಾಟದಾಗ ಅವ್ವ ಎದಿ ಹಿಡಕೊಂಡು ಕುಂತಳು. ಜೀಪಿನಾಗ ಹಾಕ್ಕೊಂಡು ಗುಲಬರ್ಗಾಕ್ಕ ಒಯ್ದೆವು. ಅವತ್ತು ಉಳಿದಳು, ಆದ್ರ ಅಲ್ಲಿಂದ ಮುಂದ ಒಂದು ಕೊಡ ನೀರು ಎತ್ತಲಿಕ್ಕಿ ಆಗಲಿಲ್ಲ. ಡಾಕ್ಟರ್ ಅಪ್ಪಗ ಹೇಳಿದ್ರು: “ಗುಂಡಿಗ್ಯಾಗ ಇಷ್ಟು ಮಾಂಸ ಸತ್ತದ. ಸತ್ತದ್ದು ಮತ್ತ ಬೆಳಿಯಂಗಿಲ್ಲ.” ನಾ ಬಾಜೂಕ್ಕ ನಿಂತು ಕೇಳಿದೆ. ತೊಗಲು ಕೊಯ್ದ್ರ ಬೆಳೀತದ, ಎಲುಬು ಮುರದ್ರ ಕೂಡ್ತದ, ಉಗರು ಕಡದಷ್ಟೂ ಬರ್ತದ, ಈ ಗುಂಡಿಗಿಗೇನು ಧಾಡಿ? ಅದೇ ವರ್ಷ ಅವ್ವ ಹೋದಳು. ಆ ಪ್ರಶ್ನಿ ಹೋಗಲಿಲ್ಲ.

ಮುಂದ ಓದಿದಾಗ ತಿಳೀತು. ಗುಂಡಿಗಿಯ ಜೀವಕೋಶ ಗಾಜಿನ ತಟ್ಟ್ಯಾಗ ಹಾಕಿ, ಅದಕ್ಕ ಬೇಕಾದ ಸತ್ವದ ನೀರು ಕೊಟ್ರ ಬಡೀತಾವ. ಕಾವಿಗಿ ಇಟ್ಟ ಕೋಳಿ ತತ್ತಿಯೊಳಗಿನ ಪಿಳ್ಳಿಯ ಗುಂಡಿಗಿಯಿಂದ ತಗದು ಹಾಕಿದ್ರಂತೂ ಕಣ್ಣಾರೆ ನೋಡಬಹುದು, ತಟ್ಟ್ಯಾಗ ಲಬಡಬ ಅಂತ ಮಿಡೀತಾವ. ಆದ್ರ ಅದು ತೆಳ್ಳಗ ಹಪ್ಪಳದಂಗ ಇರೂತನಕ ಅಷ್ಟೇ. ಜರಾ ದಪ್ಪ ಆಯ್ತೋ, ನಡುವಿನ ಕೋಶ ಸಾಯ್ತಾವ. ಯಾಕಂದ್ರ ಅಲ್ಲೀತನಕ ಉಣಿಸು ಮುಟ್ಟಂಗಿಲ್ಲ. ನೀರು ಹರೀಲಾರದ ಕಡಿ ಬಾಳಿಗಿಡ ಒಣಗೋದು ತಿಳಿಯಾಕ ಕಮಲಾಪುರದವರು ಪುಸ್ತಕ ಓದಬೇಕಾಗಿಲ್ಲ. ಕಾಲಿವಿ ತೋಡಬೇಕು. ಗುಂಡಿಗಿ ಮಾಂಸದಾಗ ಕಾಲಿವಿ ತೋಡೋದು ಹ್ಯಾಂಗ? ನನ್ನ ಕೆಲಸ ಅಂದ್ರ ಇಷ್ಟೇ.

ತೋಡೋದ್ಯಾಕ, ಇದ್ದದ್ದನ್ನೇ ಉಳಿಸಿಕೊಂಡ್ರಾಯ್ತು ಅಂತ ನಾ ಹೊಂಟೆ. ಕುರಿಯ ಗುಂಡಿಗಿ ಇಡೀದು ತಂದು, ಅದರ ದೊಡ್ಡ ನಾಳಕ್ಕ ಸಲಾಯಿನ್ ನಳಿಗಿ ಸಿಗಿಸಿ, ಮ್ಯಾಲಿಂದ ಸಾಬಣದಂಥಾ ಔಷಧದ ನೀರು ಸಾವಕಾಶ ಬಿಟ್ರ, ಒಳಗಿನ ಕೋಶ ಎಲ್ಲಾ ತೊಳಕೊಂಡು ಹೋಗ್ತಾವ. ಕೆಂಪು ಹೋಗಿ ಗುಲಾಬಿ, ಗುಲಾಬಿ ಹೋಗಿ ಬಿಳುಪು. ಕಡೀಕ ಉಳಿಯೋದು ಬರೇ ಹಂದರ, ಆಕಾರ ಹಂಗೇ, ನಾಳ ಎಲ್ಲಾ ಹಂಗೇ. ನೀಲಿ ಶಾಯಿ ಬಿಟ್ರ ದೊಡ್ಡ ನಾಳದಿಂದ ಸಣ್ಣದಕ್ಕ, ಸಣ್ಣದರಿಂದ ಕೂದಲೆಳಿಯಷ್ಟರದಕ್ಕ ಓಡ್ತದ. ಮೊದಲನೇ ಸಲ ಅದು ಓಡಿದ್ದು ನೋಡಿ ನಾ ಒಬ್ಬಾಕಿನೇ ಖೋಲ್ಯಾಗ “ಎಪ್ಪಾ!” ಅಂತ ಚೀರಿದ್ದೆ. ಆ ಹಂದರದಾಗ ತತ್ತಿಯಿಂದ ತಗದ ಹೊಸಾ ಕೋಶ ನೆಡಬೇಕು, ನಾಳದ ಒಳಮೈಗಿ ಒಂದು ಜಾತೀದು, ಸುತ್ತಲ ಮಾಂಸಕ್ಕ ಇನ್ನೊಂದು ಜಾತೀದು.

ಗುಂಡಿಗಿ ತರೋದು ಮೋಮಿನಪುರದಿಂದ. ನಾನು ಲಿಂಗ ಕಟ್ಟಿದ ಮನಿಯಾಕಿ, ಹುಟ್ಟಿದಾಗಿಂದ ತತ್ತಿನೂ ಬಾಯಾಗ ಇಡದಾಕಿ. ಮೊದಲ ದಿನ ಮೂಗಿಗಿ ಸೆರಗು ಹಿಡಕೊಂಡು ಖಸಾಯಿ ಅಂಗಡಿ ಮುಂದ ನಿಂತೆ. ಇಡೀ ಗುಂಡಿಗಿ ಬೇಕು, ಕತ್ತರಿಸಬಾರದು, ಮ್ಯಾಲಿನ ನಳಿಗಿ ಉದ್ದ ಬಿಡಬೇಕು ಅಂದೆ. ಅಂಗಡಿ ಚಾಚಾ ಚೂರಿ ಕೆಳಗಿಟ್ಟು ನನ್ನ ಮಾರಿ ನೋಡಿದ್ರು. “ಪಕಾನೇಕು ನೈ ಬೋಲೇ ತೋ ಕಾಯ್ಕು ಹೋನಾ, ಬೇಟಾ?” ಅಡಗಿಗಲ್ಲ ಅಂದ್ರ ಯಾತಕ್ಕ ಬೇಕು ಅಂತ. ಓದಲಿಕ್ಕಿ ಅಂದೆ. ಅವರು ನಂಬಲಿಲ್ಲ. ನಮ್ಮ ಕಡಿ ಇಡೀ ಗುಂಡಿಗಿ ಒಯ್ಯೋರು ಅಂದ್ರ ಭಾನಾಮತಿ ಮಾಡೋರು ಅಂತ ಒಂದು ಹೆದರಿಕಿ ಅದ. ಮಾಟ ಮಾಡಾಕ ನನ್ನ ಅಂಗಡಿ ಮಾಲು ಕೊಡಂಗಿಲ್ಲ ಅಂತ ಹೇಳಿಬಿಟ್ರು. ಕಾಲೇಜಿನ ಗುರುತಿನ ಕಾರ್ಡ್ ತೋರಿಸಿ, ಮರದಿನ ನನ್ನ ವಿದ್ಯಾರ್ಥಿ ಒಬ್ಬಾಕಿನ್ನ, ಅದೇ ಓಣಿಯಾಕಿನ್ನ, ಕರಕೊಂಡು ಹೋದ ಮ್ಯಾಲ ಕೊಟ್ರು. ಆಮ್ಯಾಲ ನಾ ಹೋದ್ರ ಸಾಕು, ಉಳಿದ ಗಿರಾಕಿ ಸರಿಸಿ ಮೊದಲ ನಂದು ಕಟ್ಟಿಕೊಡೋರು.

ಎರಡು ವರ್ಷ ಕೆಡಿಸಿದ್ದೇ ಕೆಡಿಸಿದ್ದು. ಬೂಸಲು ಹತ್ತೋದು, ನಾಳ ಕಟ್ಟಿಕೊಳ್ಳೋದು, ಕರೆಂಟ್ ಹೋಗಿ ಕಾವಿನ ಪೆಟ್ಟಿಗಿ ತಣ್ಣಗಾಗೋದು. ಆ ಬ್ಯಾಸಿಗ್ಯಾಗ, ಕಡೀಕೂ, ಹೆಬ್ಬೆರಳಿನ ಉಗರಿನಷ್ಟು ಒಂದು ತುಂಡು ನಿಂತಿತು. ಅದರ ನಡುವ ಒಂದು ನಾಳ. ಮ್ಯಾಲ ತೂಗಹಾಕಿದ ಬಾಟ್ಲಿಯಿಂದ ಗುಲಾಬಿ ಬಣ್ಣದ ಸತ್ವದ ನೀರು ಆ ನಾಳದಾಗ ಹನಿ ಹನಿ ಹೋಗಿ ಈ ಕಡಿ ಹೊಂಡತಿತ್ತು. ಸೂಕ್ಷ್ಮದರ್ಶಕದಾಗ ನೋಡಿದ್ರ ತುಂಡು ಮಿಡಿಯಾಕತ್ತಿತ್ತು. ಎರಡು ದಿನಕ್ಕೊಮ್ಮಿ ಬಾಟ್ಲಿ ಬದಲಿಸಬೇಕು. ತಪ್ಪಿದ್ರ ಅದರ ಕಥಿ ಮುಗೀತು. ಕೂಸಿದ್ದ ಮನ್ಯಾಗ ತಾಯಿ ದೂರ ಹೋಗಲಾರದಂಗ ನಾ ಆ ಖೋಲಿ ಬಿಟ್ಟು ದೂರ ಹೋಗತಿದ್ದಿಲ್ಲ.

ಇನ್ನ ದೊಡ್ಡಪ್ಪನ ಮಾತಿಗಿ ಬರ್ತೀನಿ. ಬರದೇ ಗತಿ ಇಲ್ಲ.

ದೊಡ್ಡಪ್ಪ ಅಂದ್ರ ನಮ್ಮಪ್ಪನ ಅಣ್ಣ. ಶರಣಬಸವೇಶ್ವರ ಗುಡಿ ಹತ್ರ ಮನಿ, ಬಜಾರದಾಗ ತೊಗರಿ ಅಡತಿ, ನಮ್ಮ ಕಾಲೇಜಿನ ಆಡಳಿತ ಮಂಡಳ್ಯಾಗ ಅವರದೇ ಮಾತು. ಹಣಿ ತುಂಬಾ ಮೂರು ಬೆರಳ ವಿಭೂತಿ, ಬಾಯಿ ತೆರದ್ರ ದಯೆ, ಧರ್ಮ, ಆಚಾರ. ಕಾಲೇಜಿಗಿ ಸೇರಿದಾಗಿಂದ ನಾ ಇದ್ದದ್ದು ಅವರ ಮನ್ಯಾಗೇ. ದೊಡ್ಡವ್ವ ನನಗ ತಾಯಿ ಕಡಿಮಿ ಮಾಡಲಿಲ್ಲ. ಕಾಲೇಜಿನಾಗ ನನಗ ಆ ಖೋಲಿ ಸಿಕ್ಕದ್ದು ದೊಡ್ಡಪ್ಪನ ಹೆಸರಿಂದ ಅಂತ ಮಂದಿ ಅಂತಿದ್ರು. ಖರೇನೇ. ಆದ್ರ ಅವರು ಒಂದು ದಿನಾನೂ “ಅಲ್ಲೇನು ಮಾಡ್ತಿ ತಂಗೀ?” ಅಂತ ಕೇಳಿದವರಲ್ಲ.

ಒಂದು ಸಂಗತಿ ನನಗೂ ದೊಡ್ಡವ್ವಗೂ ಮಾತ್ರ ಗೊತ್ತಿತ್ತು. ತೊಂಬತ್ತರ ದಶಕದ ಮೊದಲಿಗಿ, ನಾ ಇನ್ನಾ ಡಿಗ್ರಿ ಓದುವಾಗ, ದೊಡ್ಡಪ್ಪನ ಗುಂಡಿಗಿಯ ಒಂದು ಬಾಗಲಾ, ವಾಲ್ವು ಅಂತಾರಲ್ಲ, ಅದು ಕೆಟ್ಟಿತ್ತು. ಹೈದರಾಬಾದಿಗಿ ಒಯ್ದೆವು. ಇಂಗ್ಲಿಷು ತಿಳೀತದ ಅಂತ ನನ್ನೂ ಕರಕೊಂಡು ಹೋಗಿದ್ರು. ಡಾಕ್ಟರ್ ದೊಡ್ಡವ್ವನ್ನೂ ನನ್ನೂ ಹೊರಗ ಕರದು ಹೇಳಿದ್ರು: ಲೋಹದ್ದು ಹಾಕಿದ್ರ ರಕ್ತ ತೆಳ್ಳಗ ಮಾಡೋ ಗುಳಗಿ ಜನ್ಮಪೂರ್ತಿ ನುಂಗಬೇಕು, ಇವರ ಹೊಟ್ಯಾಗ ಹುಣ್ಣು ಅವ, ಆ ಗುಳಗಿ ತಡಕೊಳ್ಳಂಗಿಲ್ಲ, ಹಂದಿ ಗುಂಡಿಗಿಯಿಂದ ಮಾಡಿದ ವಾಲ್ವು ಹಾಕೋದೇ ಛಲೋ. ನಾ ಕನ್ನಡದಾಗ ಹೇಳಿದೆ. ಹಂದಿ ಅಂದ ಕೂಡಲೇ ದೊಡ್ಡವ್ವ ಗ್ವಾಡಿಗಿ ಆನಕೊಂಡಳು. ಆನಕೊಂಡೇ “ಹಾಕ್ರಿ” ಅಂದಳು. ಹೊರಗ ಬಂದು ನನ್ನ ಕೈ ಹಿಡಕೊಂಡು, “ಅವರಿಗಿ ಹೇಳಬ್ಯಾಡವ್ವ. ತಿಳದ್ರ ಜೀವ ಬೇಕಾದ್ರ ಬಿಡ್ತಾರ, ಹಾಕಿಸ್ಕೊಳ್ಳಂಗಿಲ್ಲ. ಪಾಪ ಬಂದ್ರ ನನಗ ಬರಲಿ” ಅಂದಳು.

ಆ ಪಾಪ ಕಳಕೊಳ್ಳಾಕ ಅಕಿ ಅಂದಿನಿಂದ ಸೋಮವಾರ ಉಪವಾಸ ಹಿಡದಳು. ಒಪ್ಪತ್ತು ಅಲ್ಲ, ನಿರಾಹಾರ. ನಸುಕಿನ್ಯಾಗ ಬರಿಗಾಲಿಲೆ ಗುಡಿಗಿ ಹೋಗೋದು, ದಿನಾ ಪೂರ್ತಿ ನೀರಿನ ಮ್ಯಾಲ ಇರೋದು, ಮನಿಮಂದಿಗೆಲ್ಲ ರೊಟ್ಟಿ ಬಡದು ಹಾಕೋದು. ಸಕ್ಕರಿ ಕಾಯಿಲಿ ಬಂದ ಮ್ಯಾಲೂ ಬಿಡಲಿಲ್ಲ. ಒಮ್ಮಿ ಒಲಿ ಮುಂದ ಕಣ್ಣಿಗಿ ಕತ್ತಲಿ ಬಂದು ಬಿದ್ದಳು. “ಏನು ಹರಕಿ ಹೊತ್ತೀಯೋ ಏನೋ, ಶಿವನ ಮ್ಯಾಲ ಭಾರ” ಅಂತ ದೊಡ್ಡಪ್ಪ ತಾಟಿನ ಮುಂದ ಕುಂತು ಉಂಡರು. ನಾ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಮಾತು ಕೊಟ್ಟಿದ್ದೆನಲ್ಲ.

ಬಸವ ಜಯಂತಿ ಅವತ್ತು ಶುಕ್ರವಾರ ಬಂದಿತ್ತು. ಮುಂಜಾನಿ ಖೋಲಿಗಿ ಹೋಗಿ ತುಂಡಿಗಿ ಹೊಸಾ ಬಾಟ್ಲಿ ಹಚ್ಚಿದೆ. ಬಾಜೂಕ್ಕ ತೊಳದು ಬಿಳೇದಾದ ಇನ್ನೊಂದು ಗುಂಡಿಗಿ ತಯಾರಿತ್ತು. ನನ್ನ ಗೆಳತಿ ಒಬ್ಬಾಕಿ ಡಾಕ್ಟರ್, ಅದನ್ನ ತೆಳ್ಳಗ ಕೊಯ್ದು ಒಳಗ ಕೋಶ ಉಳದಾವೇನು ನೋಡಿ ಹೇಳ್ತಿದ್ದಳು. ಮಧ್ಯಾಹ್ನ ಅಕಿ ಮನಿಗಿ ಒಯ್ದು ಕೊಟ್ರಾಯ್ತು ಅಂತ ಉಪ್ಪುನೀರು ಹಾಕಿದ ಸ್ಟೀಲ್ ಡಬ್ಬ್ಯಾಗ ಇಟ್ಕೊಂಡು, ಹಬ್ಬದ ಊಟಕ್ಕ ಮನಿಗಿ ಬಂದೆ. ಚೀಲ ಪಡಸಾಲ್ಯಾಗ ಮೊಳಿಗಿ ತೂಗ ಹಾಕಿ, ಗೆಳತಿ ಮನಿಗಿ ಹೋಗೋದದ ಅಂತ ದೊಡ್ಡವ್ವಗ ಒದರಿ ಹೇಳಿ, ಜಳಕಕ್ಕ ಹೋದೆ.

ಇಲ್ಲಿ ನಮ್ಮ ಮಂದಿಯ ಒಂದು ರೂಢಿ ಹೇಳಬೇಕು. ಯಾರ ಮನಿಗರ ಹೊಂಟ ಡಬ್ಬಿ ಖಾಲಿ ಹೋಗಬಾರದು. ಹಬ್ಬದ ದಿನ ಅಂತೂ ಖಾಲಿ ಡಬ್ಬಿ ಹೊಸ್ತಿಲ ದಾಟಿದ್ರ ಲಕ್ಷ್ಮಿನೇ ದಾಟಿ ಹೋದಂಗ. ನಾ ಡಬ್ಬಿ ತಂದೀನಿ, ಗೆಳತಿ ಮನಿಗಿ ಹೊಂಟೀನಿ, ಅಂದ ಮ್ಯಾಲ ಹೋಳಿಗಿ ಒಯ್ಯಾಕೇ ತಂದಿರಬೇಕು ಅಂತ ದೊಡ್ಡವ್ವ ಚೀಲದಾಗಿಂದ ಡಬ್ಬಿ ತಗದಳು. ಮುಚ್ಚಳ ತೆರದ್ರ ನೀರಾಗ ಬೆಳ್ಳಗ, ಮೆತ್ತಗ, ಬೆಳಕು ದಾಟೋವಂಥಾದ್ದು. ತಾಳೆ ಮರದ ತಾಟಿಹಣ್ಣಿನ ದಿನ ಅವು. ಸುಲದ ತಾಟಿಹಣ್ಣು ತಣ್ಣೀರಾಗ ಹಾಕ್ಕೊಂಡು ಬಂದಾಳ ಅಂತ ತಿಳದು, ಅದನ್ನ ತಾಟಿನ್ಯಾಗ ಸುರುವಿ, ಡಬ್ಬಿ ತೊಳಿಯಾಕ ಬಚ್ಚಲಿಗಿ ಹೋದಳು.

ಅದೇ ಹೊತ್ತಿಗಿ ದೊಡ್ಡಪ್ಪ ಲಿಂಗಪೂಜಿ ಮುಗಿಸಿ ಹೊರಗ ಬಂದ್ರು. ಪಡಸಾಲ್ಯಾಗ ನಾಕು ಮಂದಿ ಬೀಗರು ಬಿಜ್ಜರು, ಕಾಲೇಜಿನ ನಮ್ಮ ವಿಭಾಗದ ಮುಖ್ಯಸ್ಥರಾದ ಸರ್, ಎಲ್ಲಾರೂ ಊಟಕ್ಕ ಕಾಯಾಕತ್ತಿದ್ರು. “ಅರೆ, ಇಷ್ಟು ದೊಡ್ಡ ತಾಟಿಹಣ್ಣು ಎಲ್ಲಿ ಸಿಕ್ಕಿತು!” ಅಂತ ದೊಡ್ಡಪ್ಪ ಅದನ್ನ ಎತ್ತಿ, ಹಣ್ಣು ಹಿಚುಕಿ ನೋಡಿದಂಗ ಹಿಚುಕಿದ್ರು. ಮ್ಯಾಲಿನ ನಳಿಗಿಯಿಂದ ಪಿಚಕಾರಿ ಹಾರಿದಂಗ ನೀರು ಹಾರಿ ಅವರ ಹೊಸಾ ಧೋತರದ ಮ್ಯಾಲ ಬಿತ್ತು. ಹಣ್ಣಿನ ಮಾತು ಕಿವಿಗಿ ಬಿದ್ದು ನಾ ಹಸಿ ಕೂದಲಿನ್ಯಾಗ ಓಡಿ ಬಂದೆ. ಬಾಯಿ ಹತ್ರ ಒಯ್ದಿದ್ರು.

“ದೊಡ್ಡಪ್ಪಾ, ಬ್ಯಾಡ್ರಿ! ಬಾಯಾಗ ಇಡಬ್ಯಾಡ್ರಿ!”

“ಯಾಕ? ಏನದು?”

ಸುಳ್ಳು ಹೇಳಬಹುದಿತ್ತು. ನಾಲಿಗಿ ಹೊಳ್ಳಲಿಲ್ಲ. “ಕುರಿ ಗುಂಡಿಗಿ ರೀ” ಅಂದೆ.

ಆಮ್ಯಾಲ ಆದದ್ದು ಕೇಳಬ್ಯಾಡ್ರಿ. ಅವರು ಅದನ್ನ ಒಗದ ಪೆಟ್ಟಿಗಿ ಅದು ಸರ್ ಅವರ ತೊಡಿ ಮ್ಯಾಲ ಬಿತ್ತು. ಸರ್ ಕುರ್ಚಿ ಕೆಡವಿ ಎದ್ರು. ಬೀಗರು ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ನಡದ್ರು. ದೊಡ್ಡಪ್ಪ ಭಾವಿ ಕಟ್ಟಿ ಮ್ಯಾಲ ಕುಂತು ಕೊಡಗಟ್ಟಲೆ ನೀರು ಹೊಯ್ಸಿಕೊಂಡ್ರು. ಮಾಡಿದ ಹೋಳಿಗಿ ಯಾರೂ ಮುಟ್ಟಲಿಲ್ಲ. ನಗಬೇಕಂದ್ರ ನಗೋ ಸಂಗತಿನೇ. ನಾನೂ ಒಳಗೊಳಗ ಒಂದು ಗಳಿಗಿ ನಕ್ಕೆ. ದೊಡ್ಡವ್ವ ಮಾತ್ರ ಅಡಗಿ ಮನಿ ಬಾಗಲದಾಗ ಡಬ್ಬಿ ಹಿಡಕೊಂಡು ಗಡಗಡ ನಡಗಾಕತ್ತಿದ್ದಳು. ಅಕಿನ್ನ ನೋಡಿ ನನ್ನ ನಗಿ ಅಡಗಿತು.

ಸಂಜೀಕ ಕಾಲೇಜಿಗಿ ಹೋದ್ರ ನನ್ನ ಖೋಲಿಗಿ ಹಿತ್ತಾಳಿ ಕೀಲಿ ಜಡದಿತ್ತು. ಕೀಲಿಕೈ ದೊಡ್ಡಪ್ಪನ ಕಿಸೇದಾಗ. ಸರ್ ಮನಿಗಿ ಓಡಿದೆ. ಅಡ್ಡಗೋಡಿ ಮ್ಯಾಲ ದೀಪ ಇಡೋದು ಅವರ ಜನ್ಮಗುಣ. “ನೋಡವ್ವ, ನಿನ್ನ ಕೆಲಸ ದೊಡ್ಡದೇ ಅದ, ಹಂಗಂತ ಹಿರಿಯರ ಮನಸ್ಸೂ ನೋಯಿಸಬಾರದು, ಹಂಗಂತ ವಿಜ್ಞಾನನೂ ನಿಂದರಬಾರದು...”

“ಸರ್, ಒಳಗ ತುಂಡು ಜೀವಂತ ಅದ. ಬಾಟ್ಲಿ ಐತವಾರಕ್ಕ ಮುಗೀತದ. ಬದಲಿಸಲಿಲ್ಲಂದ್ರ ಸಾಯ್ತದ.”

“ಸಾಯೋದು ಹುಟ್ಟೋದು ನಮ್ಮ ಕೈಯಾಗ ಏನದವ್ವ” ಅಂದ್ರು ಆ ಜೀವಶಾಸ್ತ್ರದ ಪಂಡಿತರು.

ನನಗ ಹತ್ತಿದ ಉರಿ ಹ್ಯಾಂಗ ಹೇಳಲಿ! ಅದೇ ಕಾಲೇಜಿನಾಗ ವರ್ಷಾ ವರ್ಷಾ ಬುಟ್ಟಿಗಟ್ಟಲೆ ಕಪ್ಪಿ ತರಿಸಿ, ಹುಡುಗರ ಕೈಯಾಗ ಕೊಟ್ಟು ಹೊಟ್ಟಿ ಬಗಿಸ್ಯಾರ. ಅವುಗಳ ಗುಂಡಿಗಿ ಮಿಡಿಯೋದು ತೋರಿಸಿ ಅಂಕ ಹಾಕ್ಯಾರ. ಅವತ್ತು ಯಾರ ಆಚಾರಾನೂ ಕೆಡಲಿಲ್ಲ. ನಾನಂತೂ ಒಂದು ಜೀವನೂ ನನ್ನ ಕೈಯಾರೆ ಕೆಡವಾಕ ಮೋಮಿನಪುರಕ್ಕ ಹೋಗಿದ್ದಿಲ್ಲ. ಊಟಕ್ಕ ಕೊಯ್ದ ಕುರಿಯ ಗುಂಡಿಗಿ ತಂದೀನಿ, ಅಷ್ಟೇ. ತತ್ತಿ ಒಡದದ್ದು ಖರೆ, ಅದಕ್ಕ ಬೇಕಾದ್ರ ಬೈರಿ, ಕೇಳ್ತೀನಿ. ಆದ್ರ ಬೈಯೋರು ಯಾರು? ಕಪ್ಪಿ ಕೊಯ್ಸಿದವರು!

ಶನಿವಾರ, ಐತವಾರ ದೊಡ್ಡಪ್ಪ ನನ್ನ ಕೂಡ ಮಾತಾಡಲಿಲ್ಲ. ಮಾತು ಬ್ಯಾರೆ ಕಡಿ ಹರದಾಡ್ತು. ಕಮಲಾಪುರದಾಗ ಅಪ್ಪನ ಕಿವಿಗಿ ಬೀಳುವಷ್ಟರಾಗ ಅದು ಭಾನಾಮತಿ ಆಗಿತ್ತು. ಮಗಳು ಸತ್ತ ಕುರಿ ಗುಂಡಿಗಿಗಿ ಜೀವ ತುಂಬತಾಳಂತ, ಅಮಾಸಿ ದಿನ ಮಾತಾಡಸ್ತಾಳಂತ. ಎತ್ತು ಈದದ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೋ ಮಂದಿ. ಐತವಾರ ನಾ ಖೋಲಿ ಕಿಟಕಿ ಹತ್ರ ಹೋಗಿ ಸಂದಿನ್ಯಾಗ ಇಣಿಕಿದೆ. ಬಾಟ್ಲಿ ತಳಕ್ಕ ಬಂದಿತ್ತು. ಕರೆಂಟಿನ ಗುಂಡಿನೂ ಬಂದ್ ಮಾಡಿ ಹೋಗಿದ್ರು, ಕಾವಿನ ಪೆಟ್ಟಿಗಿಯ ಕೆಂಪು ದೀಪ ಹತ್ತಿದ್ದಿಲ್ಲ. ಕಿಟಕಿ ಸಳಿ ಹಿಡಕೊಂಡು ಕೆಟ್ಟ ಕೆಟ್ಟ ಬೈಗಳ ಬೈದೆ. ಕಾವಲುಗಾರ ಕೇಳಿ ಕೇಳಲಾರದಂಗ ಆ ಕಡಿ ಹೋದ.

ಸೋಮವಾರ ಮುಂಜಾನಿ ದೊಡ್ಡಪ್ಪ ಜೀಪು ಹೊಂಡಿಸಿದ್ರು. ಕಮಲಾಪುರದ ಹಿರೇಮನ್ಯಾಗ, ಅಪ್ಪನ ಮುಂದ, ನನ್ನ ತೀರ್ಮಾನ ಆಗಬೇಕಂತ. ದೊಡ್ಡವ್ವ, ನಾನು, ಕಾಲೇಜಿನ ಸಾಕ್ಷಿಗಿ ಸರ್. ಅಲ್ಲಿ ಪಡಸಾಲ್ಯಾಗ ಜಮಖಾನಿ ಹಾಸಿ ಮನಿತನದ ನಾಕು ಹಿರಿಯರು ಕುಂತಿದ್ರು. ಅಪ್ಪ ಕಂಬಕ್ಕ ಆನಕೊಂಡಿದ್ದ. ನಾ ಬಾಗಲದಾಗ ನಿಂತೆ. ಕುಂದರು ಅಂತ ಯಾರೂ ಅನ್ನಲಿಲ್ಲ.

ದೊಡ್ಡಪ್ಪ ಗಂಟಲ ಸರಿ ಮಾಡಿಕೊಂಡ್ರು. “ಲಿಂಗ ಮುಟ್ಟಿದ ಕೈಲೆ ನಾ ಹೆಣದ ತುಂಡು ಮುಟ್ಟೀನಿ. ಅದೂ ಅಣ್ಣ ಬಸವಣ್ಣನ ಹಬ್ಬದ ದಿನ. ಇಕಿ ಆ ಕೆಲಸ ಬಿಟ್ಟು ನೆಟ್ಟಗ ಪಾಠ ಹೇಳಿಕೊಂಡು ಇರ್ತಾಳೋ, ಇಲ್ಲಾ ನಮ್ಮ ಮನಿ, ನಮ್ಮ ಕಾಲೇಜು ಎರಡೂ ಬಿಡ್ತಾಳೋ, ಈಗ ಹೇಳಲಿ.”

ನಾ ಅಪ್ಪನ ಮಾರಿ ನೋಡಿದೆ. ಅಪ್ಪ ನೆಲಾ ನೋಡಕೋತ, “ಅಣ್ಣ ಹೇಳಿದಂಗ ಆಗ್ಲಿ” ಅಂದ. ಅವ್ವ ಎದಿ ಹಿಡಕೊಂಡು ಕುಂತ ತ್ವಾಟ ಅಲ್ಲೇ ಬಾಗಲದಿಂದ ಕಾಣತಿತ್ತು. ನನಗ ತಡಕೊಳ್ಳಾಕ ಆಗಲಿಲ್ಲ.

“ಅಪ್ಪಾ, ನೀ ಡಾಕ್ಟರ್ ಮುಂದ ಕೈ ಮುಗದು ನಿಂತಿದ್ದಿ, ಬೆಳಿಯಂಗಿಲ್ಲ ಅಂದ್ರು, ಸುಮ್ಮ ಬಂದಿ. ಅದು ಬೆಳಿಯೋಹಂಗ ಮಾಡಾಕ ನಾ ಅರ್ಧ ಜನ್ಮ ಹಾಕೀನಿ. ಈಗ ಒಂದು ಉಗರಿನಷ್ಟು ಬೆಳದದ. ಅದು ಕೀಲಿ ಹಾಕಿದ ಖೋಲ್ಯಾಗ ಉಪವಾಸ ಸಾಯಾಕತ್ತದ. ಇನ್ನೊಮ್ಮೀನೂ ಆಗ್ಲಿ ಅಂತೀಯೇನು?”

ದೊಡ್ಡಪ್ಪ ಅಂದ್ರು: “ಮಾತಿನ್ಯಾಗ ಮರುಳ ಮಾಡಬ್ಯಾಡ. ಪ್ರಾಣಿ ಗುಂಡಿಗಿ ಮನುಷ್ಯಾಗ ಯಾತಕ್ಕ ಬೇಕು? ಶಿವ ಕೊಟ್ಟದ್ದು ಎಷ್ಟು ದಿನವೋ ಅಷ್ಟೇ ದಿನ.”

ಆ ಮಾತಿಗಿ ನನ್ನ ತಲಿ ಕೆಟ್ಟಿತು. ಶಿವ ಕೊಟ್ಟದ್ದಂತ! ಕೊಟ್ಟ ಮಾತು, ದೊಡ್ಡವ್ವನ ಕೈ ಹಿಡಕೊಂಡದ್ದು, ಎಲ್ಲಾ ಆ ಗಳಿಗ್ಯಾಗ ಹಾರಿ ಹೋಯ್ತು. ಬಾಯಿ ತೆರದೆ. “ದೊಡ್ಡಪ್ಪಾ, ನಿಮ್ಮ ಎದ್ಯಾಗ—” ಅನ್ನೂದರಾಗ ಅಡಗಿ ಮನಿ ಬಾಗಲದಿಂದ ದೊಡ್ಡವ್ವ ಬಂದು ನಡುವ ನಿಂತಳು.

“ನೀ ಸುಮ್ಮನಿರು. ನಾ ಹೇಳ್ತೀನಿ. ಮಾಡಿದಾಕಿ ನಾ.” ಗಂಡನ ಕಡಿ ಹೊಳ್ಳಿದಳು. ಅಕಿ ಅಷ್ಟು ಮಂದಿ ನಡುವ ಅವರ ಎದುರು ನಿಂತದ್ದು ನಾ ಎಂದೂ ನೋಡಿದ್ದಿಲ್ಲ. “ಹೈದರಾಬಾದಿನ್ಯಾಗ ನಿಮ್ಮ ಎದ್ಯಾಗ ಹಾಕಿದ್ದು ಹಂದೀದು ರೀ. ನಾನೇ ಹಾಕ್ರಿ ಅಂದೆ. ನಿಮಗ ತಿಳಿಸಲಿಲ್ಲ. ಶಿಕ್ಷಾ ಕೊಡೋದಿದ್ರ ನನಗ ಕೊಡ್ರಿ. ಆ ಹುಡುಗಿ ಖೋಲಿ ಕೀಲಿ ತೆಗೀರಿ.”

ನಾ ದೊಡ್ಡಪ್ಪನ ಮಾರಿ ನೋಡಿದೆ. ಸಿಟ್ಟು ಬರ್ತದೋ, ಎದಿ ಹಿಡಕೋತಾರೋ ಅಂತ ಖರೇನೇ ಅಂಜಿದೆ.

ಅವರು ಹೆಗಲ ಮ್ಯಾಲಿನ ಶಲ್ಯಾ ಸರಿ ಮಾಡಿಕೊಂಡ್ರು. “ಗೊತ್ತದ” ಅಂದ್ರು.

“ಏನು ಗೊತ್ತದ?”

“ಹಂದೀದು ಅಂತ ಗೊತ್ತದ. ಆಪರೇಶನ್ ಮುಂಚಿನ ದಿನ ಡಾಕ್ಟರ್ ನನಗೂ ಬಂದು ಹೇಳಿದ್ರು. ಅದು ಪ್ರಾಣದ ಮಾತು ಇತ್ತು, ಹೂಂ ಅಂದೆ. ಅದು ಎದಿ ಒಳಗಿನ ಮಾತು, ಯಾರಿಗಿ ಕಾಣತದ? ಇಕಿ ಡಬ್ಬ್ಯಾಗ ಹಾಕ್ಕೊಂಡು ಊರ ತುಂಬಾ ತಿರಗತಾಳ. ನಾಕು ಮಂದಿ ಕಣ್ಣಿಗಿ ಬಿದ್ದ ಮ್ಯಾಲ ಆಚಾರ ನೋಡಬೇಕಾಗ್ತದ.”

ಹೆಂಗ ಹೇಳಿದ್ರು ಗೊತ್ತೇನ್ರಿ? ಅಂಗಡ್ಯಾಗ ತೊಗರಿ ಧಾರಣಿ ಹೇಳಿದಂಗ ಹೇಳಿದ್ರು. ಪಾಪ ಅಂದ್ರ ಮಂದಿ ನೋಡಿದ್ದು, ಪುಣ್ಯ ಅಂದ್ರ ಮಂದಿ ನೋಡಲಾರದ್ದು. ನನ್ನ ಸಿಟ್ಟಿನ ಮಾತು ಬಿಡ್ರಿ. ದೊಡ್ಡವ್ವ ನಿಂತಲ್ಲೇ ನಿಂತಿದ್ದಳು. ಅಕಿಗಿ ತಿಳಿಯಾಕ ಸ್ವಲ್ಪ ಹೊತ್ತು ಹಿಡೀತು. ತಿಳದ ಮ್ಯಾಲ ಅಕಿ ದನಿ ಏರಲಿಲ್ಲ, ಇಳೀತು.

“ಗೊತ್ತಿತ್ತು ನಿಮಗ.”

“ಗೊತ್ತಿತ್ತು.”

“ನಾ ಯಾತಕ್ಕ ಉಪವಾಸ ಇರ್ತೀನಿ ಅಂತನೂ ಗೊತ್ತಿತ್ತು.”

ದೊಡ್ಡಪ್ಪ ಹಿರಿಯರ ಕಡಿ ನೋಡಿ ಜರಾ ನಕ್ಕರು. “ಉಪವಾಸ ಮಾಡಿದ್ರ ಮನಿತನಕ್ಕ ಒಳ್ಳೇದೇ ಅಲ್ಲೇನು? ನಾ ಯಾಕ ಬ್ಯಾಡ ಅನ್ನಲಿ?”

“ಇಷ್ಟು ವರ್ಷ ನಾ ಹಸಕೊಂಡು ರೊಟ್ಟಿ ಬಡದು ಹಾಕಿದೆ” ಅಂದಳು ದೊಡ್ಡವ್ವ. “ನೀವು ನನ್ನ ಮಾರಿ ನೋಡಕೋತ ಉಂಡ್ರಿ.”

ಅಕಿ ಒಳಗ ಹೋದಳು. ಏನು ಮಾಡ್ಕೋತಾಳೋ ಅಂತ ನಾ ಅಕಿ ಹಿಂದ ಎರಡು ಹೆಜ್ಜಿ ಹಾಕಿದೆ. ಅಕಿ ಒಂದು ತಾಟಿನ್ಯಾಗ ಎರಡು ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ, ಮಸರು ಹಾಕ್ಕೊಂಡು ಬಂದು, ಹಿರಿಯರ ಎದುರು, ಜಮಖಾನಿ ಮ್ಯಾಲ ಕುಂತಳು. ಸೋಮವಾರ, ಮಧ್ಯಾಹ್ನ, ಗಂಡಸರ ಪಂಕ್ತಿ ಇನ್ನಾ ಕುಂತಿದ್ದಿಲ್ಲ. ರೊಟ್ಟಿ ಮುರದು, ಸಾವಕಾಶ ನುಂಗಿ, ಪೂರ್ತಿ ಉಂಡಳು. ಅಪ್ಪ ಎದ್ದು ಹೋಗಿ ಅಕಿ ಬಾಜೂಕ್ಕ ನೀರಿನ ತಂಬಗಿ ಇಟ್ಟ. ಆ ದಿನದಾಗ ಅಪ್ಪ ಮಾಡಿದ ಒಂದೇ ಗಂಡಸುತನ ಅದು. ಉಂಡು ಕೈ ತೊಳಕೊಂಡು ದೊಡ್ಡವ್ವ ಗಂಡನ ಮುಂದ ಅಂಗೈ ಚಾಚಿದಳು. “ಕೀಲಿಕೈ.”

“ಹುಚ್ಚಿಯಾಗೀಯೇನು?”

“ಕೀಲಿಕೈ ಕೊಡ್ರಿ. ಇಲ್ಲಂದ್ರ ಹಂದಿ ಮಾತು ನಾ ಕಲಬುರಗಿ ಗುಡಿ ಕಟ್ಟಿ ಮ್ಯಾಲ ಕುಂತು ಹೇಳ್ತೀನಿ. ನಾಕು ಮಂದಿ ಕಣ್ಣಿಗಿ ಬೀಳಲಿ.”

ಕೊಟ್ರು. ನಾಚಿ ಕೊಡಲಿಲ್ಲ, ಅದನ್ನ ನಾ ಬರೀದೇ ಬಿಡಂಗಿಲ್ಲ. ಮಂದಿಗಿ ಅಂಜಿ ಕೊಟ್ರು. ಕೊಡೂವಾಗ ಹಿರಿಯರ ಕಡಿ ನೋಡಿ “ಹೆಣ್ಮಕ್ಕಳ ಹಟ” ಅಂತ ಮತ್ತ ನಕ್ಕರು. ಆ ನಗಿಗಿ ನಾ ಇವತ್ತಿಗೂ ಕ್ಷಮಾ ಕೊಟ್ಟಿಲ್ಲ. ಕೊಡಂಗೂ ಇಲ್ಲ.

ಜೀಪಿಗಿ ಕಾಯಲಿಲ್ಲ. ನಾನು, ದೊಡ್ಡವ್ವ ಹೈವೇಕ್ಕ ಬಂದು, ಸಿಕ್ಕ ಬಸ್ಸಿನ್ಯಾಗ ನಿಂತಕೊಂಡೇ ಬಂದೆವು. ಖೋಲಿ ತೆರದಾಗ ಒಳಗಿನ ಝಳ ಮಾರಿಗಿ ಹೊಡೀತು. ಬಾಟ್ಲಿ ಬರಿದು. ನಳಿಗ್ಯಾಗ ಅಷ್ಟು ಹಸಿ ಇತ್ತು, ಅಷ್ಟೇ. ಕಾವಿನ ಪೆಟ್ಟಿಗಿ ಬಂದ್ ಇದ್ರೂ ನಮ್ಮೂರ ಬ್ಯಾಸಿಗಿ ಅದನ್ನ ತಣ್ಣಗಾಗಗೊಟ್ಟಿದ್ದಿಲ್ಲ. ತಟ್ಟಿ ಸೂಕ್ಷ್ಮದರ್ಶಕದ ಕೆಳಗ ಇಟ್ಟು ಕಣ್ಣು ಹಚ್ಚಿದೆ. ಅಂಚೆಲ್ಲಾ ಕಪ್ಪಿಟ್ಟಿತ್ತು, ಸತ್ತಿತ್ತು. ಮುಗೀತು ಅಂದುಕೊಂಡೆ. ತಟ್ಟಿ ಸರಿಸಿದೆ. ನಾಳದ ಬಗಲಿಗಿ, ಎರಡೂ ದಂಡಿಗಿ, ಒಂದು ಸಣ್ಣ ಪಟ್ಟಿ ಇನ್ನಾ ಮಿಡಿಯಾಕತ್ತಿತ್ತು. ತಡದು ತಡದು, ಸುಸ್ತಾಗಿ, ಆದ್ರೂ ಮಿಡಿಯಾಕತ್ತಿತ್ತು. ನಾಳ ಕಡೀ ಹನಿ ಮುಗಿಯೂತನಕ ತನ್ನ ಕೆಲಸ ಮಾಡಿತ್ತು. ನಾ ಅಲ್ಲೇ ಮೇಜಿಗಿ ತಲಿ ಇಟ್ಟು ಅತ್ತೆ.

ದೊಡ್ಡವ್ವ ನನ್ನ ಸರಿಸಿ ತಾನು ಕಣ್ಣು ಹಚ್ಚಿದಳು. ಭಾಳ ಹೊತ್ತು ನೋಡಿದಳು.

“ಇದಕ್ಕ ಜೀವ ಅದ?”

“ಅದ ದೊಡ್ಡವ್ವ.”

ಅಕಿ ತಲಿ ಎತ್ತಿ ನನ್ನ ಮ್ಯಾಲ ರೇಗಿದಳು. “ಮತ್ತ ಅಳಕೋತ ನಿಂತೀಯಲ್ಲ! ಮೊದಲ ಇದಕ್ಕ ಉಣ್ಣಾಕ ಹಾಕು.”